ಒಂದೇ ಧನ್ಯವಾದ ಎಲ್ಲರಿಗೂ ಸಾಲದು

ಓದುಗರ ಪತ್ರ: ನಾನು ಹನ್ನೆರಡು ಜನರ ತಂಡದ ಮುಖ್ಯಸ್ಥೆ. ಯೋಜನೆ ಮುಗಿದ ದಿನ ಎಲ್ಲರಿಗೂ ಒಟ್ಟಾಗಿ ಧನ್ಯವಾದ ಹೇಳಿದೆ. ಹೆಚ್ಚು ದುಡಿದವರು ಮುನಿಸಿಕೊಂಡರು, ಉಳಿದವರಿಗೂ ಸಂತೋಷವಾದಂತೆ ಕಾಣಲಿಲ್ಲ. ಪ್ರತಿಯೊಬ್ಬರ ಕೊಡುಗೆಯನ್ನೂ ಗೌರವಿಸಬೇಕು ಎನ್ನುವುದು ಬರೀ ಬಾಯಿಮಾತೇ?

ಸಂಪಾದಕರ ಉತ್ತರ: ಖಂಡಿತ ಅಲ್ಲ. ಆದರೆ ಹನ್ನೆರಡು ಜನರಿಗೂ ಒಂದೇ ಮಾತು ಹೇಳಿದಾಗ, ಯಾರ ಕೆಲಸವನ್ನೂ ಹತ್ತಿರದಿಂದ ನೋಡಿಲ್ಲ ಎಂದು ಹೇಳಿದಂತೆಯೇ ಅವರಿಗೆ ಕೇಳಿಸುತ್ತದೆ. ಅವರ ಮುನಿಸಿನಲ್ಲಿ ನ್ಯಾಯವಿದೆ.

1969ರ ಜುಲೈ 20ರಂದು ಅಪೊಲೊ 11ರ ನೌಕೆ ಚಂದ್ರನ ಮೇಲೆ ಇಳಿಯುತ್ತಿದ್ದಾಗ ಅದರ ಕಂಪ್ಯೂಟರ್ 1202 ಎಂಬ ಎಚ್ಚರಿಕೆ ತೋರಿಸಿತು. ಇಳಿಯುವುದೋ, ಹಿಂದಿರುಗುವುದೋ? ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನಿಸಬೇಕಿತ್ತು. ಉತ್ತರ ಬಂದದ್ದು ನಿಯಂತ್ರಣ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಕುಳಿತಿದ್ದ 24 ವರ್ಷದ ಎಂಜಿನಿಯರ್ ಜಾಕ್ ಗಾರ್ಮನ್ ಅವರಿಂದ. ಕೆಲವು ದಿನ ಮೊದಲು, ಅಭ್ಯಾಸದ ವೇಳೆ ಇಂಥದೇ ಎಚ್ಚರಿಕೆ ಬಂದು ತಂಡ ಅನಗತ್ಯವಾಗಿ ಇಳಿಯುವಿಕೆಯನ್ನು ಕೈಬಿಟ್ಟಿತ್ತು. ಆಗ ಮುಖ್ಯಸ್ಥ ಜೀನ್ ಕ್ರಾಂಜ್ ಅಂಥ ಎಲ್ಲ ಸಂಕೇತಗಳನ್ನೂ ಪರಿಶೀಲಿಸಲು ಹೇಳಿದರು. ಗಾರ್ಮನ್ ಅವುಗಳ ಪಟ್ಟಿಯನ್ನು ಕೈಯಾರೆ ಬರೆದಿಟ್ಟುಕೊಂಡಿದ್ದರು. ಎಚ್ಚರಿಕೆ ಒಂದೇ ಸಮನೆ ಮರುಕಳಿಸದಿದ್ದರೆ ಅಪಾಯವಿಲ್ಲ ಎಂದು ಅವರು ಹೇಳಿದರು. ಮಾರ್ಗದರ್ಶನ ವಿಭಾಗದ ಸ್ಟೀವ್ ಬೇಲ್ಸ್ ಆ ಮಾತನ್ನು ನಂಬಿ ಮುಂದುವರಿಯಲು ಒಪ್ಪಿಗೆ ಕೊಟ್ಟರು. ಸುಮಾರು ನಾಲ್ಕು ಲಕ್ಷ ಜನರು ದುಡಿದ ಯೋಜನೆ ಆ ಗಳಿಗೆಯಲ್ಲಿ ಒಬ್ಬ ಕಿರಿಯನ ಕೈಬರಹವನ್ನು ನೆಚ್ಚಿಕೊಂಡಿತ್ತು. ಮರುಮಾತಿಲ್ಲದೆ ಅವರ ಮಾತು ನಡೆಯಿತಲ್ಲ, ನನ್ನ ದೃಷ್ಟಿಯಲ್ಲಿ ಗಾರ್ಮನ್‌ಗೆ ಸಂದ ದೊಡ್ಡ ಗೌರವ ಅದೇ. ಪದಕ, ಸನ್ಮಾನಗಳೆಲ್ಲ ಅದರ ನಂತರದವು.

ಶಸ್ತ್ರಚಿಕಿತ್ಸೆಗಾಗಿ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಸುರಕ್ಷತಾ ಪಟ್ಟಿಯಲ್ಲೂ ಇದೇ ವಿವೇಕವಿದೆ. ಚರ್ಮಕ್ಕೆ ಕತ್ತಿ ತಾಗುವ ಮೊದಲು ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಹೊಣೆಯನ್ನು ಹೇಳಿಕೊಳ್ಳಬೇಕು. ಒಮ್ಮೆ ಬಾಯಿ ತೆರೆದ ದಾದಿ, ತಪ್ಪು ಕಂಡಾಗ ಮತ್ತೊಮ್ಮೆ ತೆರೆಯಲು ಅಷ್ಟು ಅಳುಕುವುದಿಲ್ಲ.

ಇನ್ನು ಕಡಿಮೆ ದುಡಿದವರ ವಿಚಾರ. ಗುಂಪಿನಲ್ಲಿ ಕೂಗುವಾಗ ಜನರು ಒಂಟಿಯಾಗಿ ಕೂಗುವುದಕ್ಕಿಂತ ಕಡಿಮೆ ಶಕ್ತಿ ಹಾಕುತ್ತಾರೆ ಎಂದು 1979ರಲ್ಲಿ ಮನಶ್ಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಸಂಗಡಿಗರು ಪ್ರಯೋಗದಿಂದ ತೋರಿಸಿದರು. ತಮ್ಮ ದನಿಯನ್ನು ಪ್ರತ್ಯೇಕವಾಗಿ ಗುರುತಿಸಲಾಗುತ್ತದೆ ಎಂದು ನಂಬಿದವರಲ್ಲಿ ಆ ಕುಂದು ಇರಲಿಲ್ಲ ಎನ್ನುವುದು ಮುಂದಿನ ಪ್ರಯೋಗದಲ್ಲಿ ತಿಳಿಯಿತು. ಹಾಗಾಗಿ ಅವರನ್ನು ಸೋಮಾರಿಗಳೆಂದು ದೂರುವ ಮೊದಲು, ಅವರದೇ ಎನ್ನಬಹುದಾದ ಕೆಲಸವೇನಾದರೂ ಅವರ ಪಾಲಿಗಿತ್ತೇ ಎಂದು ನೋಡಿ. ಇಲ್ಲದ ಸಾಧನೆಯನ್ನು ಹುಡುಕಿ ಹೊಗಳುವುದಂತೂ ಬೇಡ, ಅದು ಅವರಿಗೇ ಮುಜುಗರ.

ಈಗಲೂ ಕಾಲ ಮಿಂಚಿಲ್ಲ. ಒಬ್ಬೊಬ್ಬರನ್ನೇ ಕರೆದು, ಅವರಿಲ್ಲದಿದ್ದರೆ ಯೋಜನೆಯ ಯಾವ ಭಾಗ ನಿಂತುಹೋಗುತ್ತಿತ್ತು ಎಂಬುದನ್ನು ಹೇಳಿ. ಯಾರದಾದರೂ ವಿಷಯದಲ್ಲಿ ಅದು ನಿಮಗೆ ಹೊಳೆಯದಿದ್ದರೆ ಅವರನ್ನೇ ಕೇಳಿ, ಅವರು ಹೇಳುವುದನ್ನು ಬರೆದುಕೊಳ್ಳಿ. ಮುಂದಿನ ಯೋಜನೆಯ ಮೊದಲ ಸಭೆಯಲ್ಲಿ ನೀವು ಮಾತನಾಡುವ ಮುನ್ನ ತಂಡದ ಅತಿ ಕಿರಿಯರಿಗೆ ಮಾತು ಕೊಡಿ. ಮುಖ್ಯಸ್ಥರ ಅಭಿಪ್ರಾಯ ತಿಳಿದ ಮೇಲೆ ಬೇರೆ ಮಾತು ಆಡುವುದು ಅವರಿಗೆ ಕಷ್ಟ.