ಮುಂಬೈನಲ್ಲಿ ಒಬ್ಬಳೇ ಎರಡು ದಿನ: ಕಡಿಮೆ ದುಡ್ಡಿನಲ್ಲಿ ಏನೇನು ನೋಡಬಹುದು?

ನೀವು ಕೇಳಿದ್ದು ಇಷ್ಟು. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ಹಳ್ಳಿಯಿಂದ ಪರೀಕ್ಷೆ ಬರೆಯೋಕೆ ಮುಂಬೈಗೆ ಒಬ್ಬರೇ ಹೋಗುತ್ತಿದ್ದೀರಿ. ಪರೀಕ್ಷೆ ಮುಗಿದ ಮೇಲೆ ಎರಡು ದಿನ ಊರು ನೋಡುವ ಆಸೆ. ಊಟ, ಓಡಾಟ ಎಲ್ಲ ಸೇರಿ ಸಾವಿರ ರೂಪಾಯಿ ದಾಟಬಾರದು. ಒಬ್ಬಳೇ ಹುಡುಗಿ, ಇಷ್ಟರಲ್ಲಿ ಆಗುತ್ತಾ, ಆದರೆ ಏನು ಮಾಡಬೇಕು ಅಂತ ಕೇಳಿದ್ದೀರಿ.

ಆಗುತ್ತೆ ತಂಗಿ, ಧಾರಾಳವಾಗಿ ಆಗುತ್ತೆ. ನಾನೂ ನಿಮ್ಮ ತಾಲೂಕಿನವಳೇ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಟೀಚರ್. 2014ರಲ್ಲಿ ನಮ್ಮ ಅಪ್ಪನಿಗೆ ಮುಂಬೈನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಚಿಕಿತ್ಸೆ ಆಯಿತು. ಬೆಳಗ್ಗೆ ಡಾಕ್ಟರ್ ನೋಡಿ ಹೋದ ಮೇಲೆ ರೋಗಿಯ ಜೊತೆಗಿದ್ದವರು ಹೊರಗೆ ಹೋಗಬೇಕು. ಮತ್ತೆ ಒಳಗೆ ಬಿಡೋದು ಸಂಜೆ ನಾಲ್ಕಕ್ಕೆ. ಅಣ್ಣ ಊರಲ್ಲಿ ದುಡ್ಡು ಹೊಂದಿಸಿ ಹೊಂದಿಸಿ ಕಳಿಸುತ್ತಿದ್ದ. ದಿನಾ ಐದು ಗಂಟೆ ಹೊತ್ತು ಕಳೆಯಬೇಕು, ಆದರೆ ಒಂದು ರೂಪಾಯಿಯನ್ನೂ ಸುಮ್ನೆ ಬಿಚ್ಚುವ ಹಾಗಿಲ್ಲ. ಅಪ್ಪ ಹುಷಾರಾಗಿ ಮನೆಗೆ ಬಂದರು. ಅಷ್ಟರಲ್ಲಿ ನನಗೆ ಆ ಊರು ಹಿಡಿಸಿಬಿಟ್ಟಿತ್ತು. ಈಗ ದೀಪಾವಳಿ ರಜೆಯಲ್ಲಿ ಎರಡು ದಿನ ಒಬ್ಬಳೇ ಹೋಗಿ ಬರುತ್ತೇನೆ.

ಆ ಇಪ್ಪತ್ತೆರಡು ದಿನದಲ್ಲಿ ಕಲಿತದ್ದನ್ನು ಮೊದಲು ಹೇಳಿಬಿಡುತ್ತೇನೆ. ದೊಡ್ಡ ಊರಿನಲ್ಲಿ ನೋಡೋಕೆ ಅಷ್ಟೇನೂ ಖರ್ಚಿಲ್ಲ. ಕೂರೋಕೆ ಖರ್ಚು. ನಡೆದು ನಡೆದು ಕಾಲು ಸೋಲುತ್ತೆ, ತಲೆ ಮೇಲೆ ಬಿಸಿಲು, ಎಲ್ಲಿ ಕೂತರೆ ಯಾರೂ ಏನೂ ಅನ್ನಲ್ಲ ಅಂತ ಗೊತ್ತಿರಲ್ಲ. ಆಗ ಬೇಡದ ಚಹಾ ಕುಡಿಯುತ್ತೇವೆ, ಹತ್ತಿರದ ಜಾಗಕ್ಕೂ ಟ್ಯಾಕ್ಸಿ ಹಿಡಿಯುತ್ತೇವೆ. ಜೊತೆಗೆ ಯಾರಾದರೂ ಇದ್ದರೆ ರಸ್ತೆ ಬದಿಯಲ್ಲೇ ಮಾತಾಡುತ್ತಾ ನಿಲ್ಲಬಹುದು. ಒಬ್ಬಳೇ ಇದ್ದರೆ ನಿಂತಲ್ಲಿ ಸಂಕೋಚ. ಅದಕ್ಕೇ ನಾನು ಬರೆಯುವ ಜಾಗಗಳಲ್ಲಿ ಜಾಸ್ತಿ ಭಾಗ ಪುಕ್ಕಟೆಯಾಗಿ ಗಂಟೆಗಟ್ಟಲೆ ಕೂರಲು ಆಗುವಂಥವು.

ಸೊಲ್ಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿ. ರಾತ್ರಿ ಹತ್ತಿ ಮಲಗಿದರೆ ಬೆಳಗ್ಗೆ ಸಿಎಸ್‌ಎಂಟಿ, ಅಂದರೆ ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸ್ಟೇಷನ್. ವಾಪಸ್ ಬರುವಾಗಲೂ ಅದೇ ಗಾಡಿ ಹಿಡಿದರೆ ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಯಿತು. ನಡುವಿನ ರಾತ್ರಿಗೆ ರೂಮ್ ಬೇಕು ಅಂದರೆ ನಿಮ್ಮ ರೈಲು ಟಿಕೆಟ್ಟಿನ ಪಿಎನ್‌ಆರ್ ಹಾಕಿ ರೈಲ್ವೆಯ ರಿಟೈರಿಂಗ್ ರೂಮ್ ಸಿಗುತ್ತಾ ಅಂತ ಮೊದಲೇ ಆನ್‌ಲೈನಲ್ಲಿ ನೋಡಿಕೊಳ್ಳಿ.

ಬುತ್ತಿ ಕಟ್ಟಿಕೊಂಡು ಹೋಗಿ. ಇದನ್ನು ಒತ್ತಿ ಹೇಳುತ್ತೇನೆ. ಹತ್ತು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ಸ್ವಲ್ಪ ಗುರೆಳ್ಳು ಚಟ್ನಿ, ಎರಡು ಉಳ್ಳಾಗಡ್ಡಿ. ಮೊದಲ ದಿನಕ್ಕೆ ಅವ್ವನ ಕೈಲಿ ದಶಮಿ, ಅಂದರೆ ಹಾಲಲ್ಲಿ ಹಿಟ್ಟು ನಾದಿದ ಮೆತ್ತನೆ ರೊಟ್ಟಿ, ಮಾಡಿಸಿ. ರೊಟ್ಟಿಯನ್ನು ಸ್ಟೀಲ್ ಡಬ್ಬಿಗೆ ತುರುಕಬೇಡಿ, ಪುಡಿಯಾಗುತ್ತೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಟವೆಲ್ ಸುತ್ತಿ, ಬ್ಯಾಗಿನ ಬೆನ್ನಿನ ಕಡೆ ನೆಟ್ಟಗೆ ನಿಲ್ಲಿಸಿದರೆ ಮೂರು ದಿನ ಮುರಿಯಲ್ಲ. ನನ್ನ ಅರ್ಧ ಊಟದ ಖರ್ಚು ಉಳಿಯೋದೇ ಹೀಗೆ.

ಇಳಿದ ತಕ್ಷಣ ಹೆಂಗಸರ ವೇಟಿಂಗ್ ರೂಮಿನಲ್ಲಿ ಮುಖ ತೊಳೆದುಕೊಂಡು ಬ್ಯಾಗನ್ನು ಕ್ಲೋಕ್ ರೂಮಿನಲ್ಲಿ ಇಡಿ. ಬ್ಯಾಗಿಗೆ ಬೀಗ ಇರಲೇಬೇಕು, ಇಲ್ಲದಿದ್ದರೆ ತೆಗೆದುಕೊಳ್ಳಲ್ಲ. ಊರಿಂದಲೇ ಒಂದು ಚಿಕ್ಕ ಬೀಗ ಒಯ್ಯಿರಿ. ಕೈಯಲ್ಲಿ ನೀರಿನ ಬಾಟಲಿ, ನಾಲ್ಕು ರೊಟ್ಟಿ, ಫೋನ್, ಚಾರ್ಜರ್ ಇದ್ದರೆ ಸಾಕು.

ಸ್ಟೇಷನ್ನನ್ನೇ ಮೊದಲು ನೋಡಿ. 1888ರಲ್ಲಿ ಪೂರ್ತಿಯಾದ ಕಟ್ಟಡ, 2004ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಲೋಕಲ್ ಟಿಕೆಟ್ ಕೊಡುವ ಹಾಲಿನಲ್ಲಿ ಒಮ್ಮೆ ತಲೆ ಎತ್ತಿ ನೋಡಿ, ಚಾವಣಿ ತುಂಬ ನಕ್ಷತ್ರಗಳಿವೆ. ಕೆಳಗೆ ಸಾಲಿನಲ್ಲಿ ನಿಂತವರಿಗೆ ಅದು ಕಾಣೋದೇ ಇಲ್ಲ. ಹೊರಗೆ ಬಂದು ಗೇಟಿನ ಕಂಬ ನೋಡಿ. ಒಂದರ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಇಂಗ್ಲೆಂಡಿನ ಗುರುತು, ಹುಲಿ ನಮ್ಮದು.

ಅಲ್ಲಿಂದ ದಾದಾಭಾಯಿ ನೌರೋಜಿ ರಸ್ತೆ ಹಿಡಿದು ಫ್ಲೋರಾ ಫೌಂಟನ್ ಕಡೆಗೆ ನಡೆಯಿರಿ. ಕಂಬ ಕಮಾನುಗಳ ಕೆಳಗೇ ಪಾದಚಾರಿ ದಾರಿ, ನೆರಳಿರುತ್ತೆ. ಫೌಂಟನ್ನಿಂದ ಎಡಕ್ಕೆ ಸ್ವಲ್ಪ ದೂರ ಹೋದರೆ ಹಾರ್ನಿಮನ್ ಸರ್ಕಲ್. ನಡುವೆ ದೊಡ್ಡ ಮರಗಳ ತೋಟ. ಅದರ ಎದುರಿಗೇ ಏಷ್ಯಾಟಿಕ್ ಸೊಸೈಟಿಯ ಟೌನ್ ಹಾಲ್, 1833ರದ್ದು.

ಆ ಹಾಲಿನ ಮುಂದೆ ಮೂವತ್ತು ಮೆಟ್ಟಿಲುಗಳಿವೆ. ನಾನು ಮೊದಲ ಸಲ ಕೂತದ್ದು ಅಲ್ಲಿ. ಅವತ್ತು ಅಪ್ಪನ ರಿಪೋರ್ಟ್ ಬರಬೇಕಿತ್ತು. ಮನಸ್ಸು ಎಲ್ಲೂ ನಿಲ್ಲುತ್ತಿರಲಿಲ್ಲ. ಕೆಳಗಿನಿಂದ ಆರನೇ ಮೆಟ್ಟಿಲಿನ ಅಂಚಿನಲ್ಲಿ ಹೆದರಿಕೊಂಡೇ ಕೂತೆ. ಯಾರಾದರೂ ಎಬ್ಬಿಸುತ್ತಾರೆ ಅಂದುಕೊಂಡಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗಿ ಕಟ್ಟಡದ ಕಂಬವನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಮೇಲಿನ ಮೆಟ್ಟಿಲಲ್ಲಿ ಒಬ್ಬ ಅಜ್ಜ ಪೇಪರ್ ಹರಡಿಕೊಂಡಿದ್ದರು. ಕೂತ ಕಲ್ಲು ಬಿಸಿಲಿಗೆ ಬೆಚ್ಚಗಿತ್ತು, ನಮ್ಮ ಊರಿನ ಗುಡಿಯ ಕಟ್ಟೆಯ ಹಾಗೆ. ರೊಟ್ಟಿ ಬಿಚ್ಚಿದೆ. ಮುರಿದ ಸದ್ದಿಗೆ ಆ ಹುಡುಗಿ ತಿರುಗಿ ನೋಡಿದಳು, ಒಂದು ತುಂಡು ಕೊಟ್ಟೆ. ಚಟ್ನಿ ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ತುಂಡು ಕೇಳಿದಳು. ಎರಡು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಈಗಲೂ ಮುಂಬೈಗೆ ಹೋದರೆ ನಾನು ಮೊದಲು ಹೋಗೋದು ಆ ಮೆಟ್ಟಿಲಿಗೇ.

ಹನ್ನೊಂದರ ಮೇಲೆ ಕಾಲಾ ಘೋಡಾ ಕಡೆ ಬನ್ನಿ. ಜಹಾಂಗೀರ್ ಆರ್ಟ್ ಗ್ಯಾಲರಿ 1952ರಿಂದ ಇದೆ, ಒಳಗೆ ಹೋಗೋಕೆ ದುಡ್ಡಿಲ್ಲ. ಚಿತ್ರ ಅರ್ಥವಾಗಲ್ಲ ಅಂತ ಹಿಂಜರಿಯಬೇಡಿ. ಸುಮಾರು ಸಲ ಬರೆದ ಕಲಾವಿದರೇ ಅಲ್ಲಿ ಕೂತಿರುತ್ತಾರೆ. ಇದನ್ನು ಯಾವುದರಿಂದ ಮಾಡಿದ್ದು ಅಂತ ಮರಾಠಿಯಲ್ಲಿ ಕೇಳಿದರೆ ಖುಷಿಯಿಂದ ಹೇಳುತ್ತಾರೆ. ರಸ್ತೆ ದಾಟಿದರೆ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಟಿಕೆಟ್ 20 ರೂಪಾಯಿ, ಸೋಮವಾರ ರಜೆ. ಮಧ್ಯಾಹ್ನದ ಬಿಸಿಲು ಕಳೆಯೋಕೆ ಇದಕ್ಕಿಂತ ತಂಪು ಜಾಗ ಆ ದುಡ್ಡಿಗೆ ಬೇರೆ ಸಿಗಲ್ಲ.

ನಾಲ್ಕು ಗಂಟೆಗೆ ಓವಲ್ ಮೈದಾನ. ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಒಂದು ಕಡೆ ಹೈಕೋರ್ಟು, ವಿಶ್ವವಿದ್ಯಾಲಯ, 1878ರ ರಾಜಾಬಾಯಿ ಗಡಿಯಾರದ ಗೋಪುರ. ಎಲ್ಲ ಕಲ್ಲಿನವು, ಚೂಪು ತಲೆಯವು. ಎದುರು ಕಡೆ ದುಂಡು ಮೂಲೆಯ, ಉದ್ದ ಬಾಲ್ಕನಿಯ ಮನೆಗಳು, ಆರ್ಟ್ ಡೆಕೋ ಅಂತಾರೆ. ನಡುವಿನ ಹುಲ್ಲಿನ ಮೇಲೆ ನಿಂತು ಈ ಕಡೆ ಆ ಕಡೆ ತಿರುಗಿದರೆ ಸಾಕು, ಎರಡು ಕಾಲದ ಮುಂಬೈ ಕಾಣುತ್ತೆ. ಈ ಎರಡೂ ಬಗೆಯ ಕಟ್ಟಡಗಳನ್ನು ಸೇರಿಸಿ 2018ರಲ್ಲಿ ಯುನೆಸ್ಕೋ ಮಾನ್ಯತೆ ಕೊಟ್ಟಿದೆ.

ಆಮೇಲೆ ಮರೀನ್ ಡ್ರೈವ್. ಅದರ ಬಗ್ಗೆ ನಾನು ಹೇಳಬೇಕಾಗಿಲ್ಲ. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಹೋಗಿ ಕಟ್ಟೆ ಹಿಡಿದು ಕೂತುಬಿಡಿ. ಸಮುದ್ರವಿಲ್ಲದ ಬಯಲುಸೀಮೆಯವರಿಗೆ ಅದೊಂದೇ ಸಾಕು. ಕುಟುಂಬಗಳು, ಹೆಂಗಸರು, ಕಾಲೇಜು ಹುಡುಗಿಯರು ತುಂಬಾ ಜನ ಇರುತ್ತಾರೆ, ಒಬ್ಬಳೇ ಕೂತವಳನ್ನು ಯಾರೂ ದುರುಗುಟ್ಟಿ ನೋಡಲ್ಲ. ಕಟ್ಟೆ ಆಚೆಗಿನ ಕಾಂಕ್ರೀಟ್ ಕಲ್ಲುಗಳ ಮೇಲೆ ಮಾತ್ರ ಇಳಿಯಬೇಡಿ, ಜಾರುತ್ತವೆ. ಸ್ಟೇಷನ್ನಿಗೆ ವಾಪಸ್ ಹೋಗೋಕೆ ನಾರಿಮನ್ ಪಾಯಿಂಟಿನ ಎನ್‌ಸಿಪಿಎ ಅನ್ನುವ ನಾಟಕ, ಸಂಗೀತದ ಕೇಂದ್ರದಿಂದ 115 ನಂಬರಿನ ಎಸಿ ಡಬಲ್ ಡೆಕ್ಕರ್ ನೋಡಿ. 2023ರಲ್ಲಿ ಶುರುವಾದದ್ದು. ಮಹಡಿ ಹತ್ತಿ ಮುಂದಿನ ಸೀಟು ಹಿಡಿದರೆ ದೀಪ ಹತ್ತಿದ ಊರು ಕಣ್ಣ ಮುಂದೆಯೇ ಹಾದುಹೋಗುತ್ತೆ. ಎಸಿ ಬಸ್ಸಿಗೆ ಕನಿಷ್ಠ 12 ರೂಪಾಯಿ, ಮಾಮೂಲಿ ಬಸ್ಸಿಗೆ 10. ಟ್ಯಾಕ್ಸಿ ಹತ್ತುವ ಅಗತ್ಯವೇ ಬರಲ್ಲ.

ಎರಡನೇ ದಿನ ಲೋಕಲ್ ರೈಲು. ಹೆದರಬೇಡಿ, ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಬೆಳಗ್ಗೆ ಜನ ಸಿಎಸ್‌ಎಂಟಿ ಕಡೆಗೆ ಬರುತ್ತಾರೆ, ಸಂಜೆ ಅಲ್ಲಿಂದ ಹೊರಡುತ್ತಾರೆ. ನೀವು ಬೆಳಗ್ಗೆ ಸಿಎಸ್‌ಎಂಟಿಯಿಂದ ಹೊರಗೆ ಹೋದರೆ ಹೆಂಗಸರ ಡಬ್ಬಿಯಲ್ಲಿ ಕಿಟಕಿ ಸೀಟೇ ಸಿಗುತ್ತೆ. ಐದೋ ಹತ್ತೋ ರೂಪಾಯಿ ಟಿಕೆಟ್. ಸ್ಲೋ ಗಾಡಿಯನ್ನೇ ಹತ್ತಿ, ಅದು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತೆ, ಫಾಸ್ಟ್ ಗಾಡಿ ಎಷ್ಟೋ ಸ್ಟೇಷನ್ ಬಿಟ್ಟು ಹೋಗುತ್ತೆ. ನಾನು ಒಮ್ಮೆ ನೋಡದೆ ಫಾಸ್ಟ್ ಹತ್ತಿ, ಮಾಟುಂಗಾದಲ್ಲಿ ಇಳಿಯಬೇಕಾದವಳು ಕುರ್ಲಾದಲ್ಲಿ ಇಳಿದೆ. ಆಸ್ಪತ್ರೆಗೆ ತಡವಾಯಿತು, ಅಪ್ಪ ಬಾಗಿಲು ನೋಡುತ್ತಾ ಕೂತಿದ್ದರು. ಅವತ್ತಿನಿಂದ ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ ಸ್ಲೋನೋ ಫಾಸ್ಟೋ ಓದದೆ ನಾನು ಕಾಲಿಡಲ್ಲ.

ಮೊದಲು ಬೈಕುಲ್ಲಾದಲ್ಲಿ ಇಳಿಯಿರಿ. ಸ್ಟೇಷನ್ನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ರಾಣಿ ಬಾಗ್ ಅನ್ನುವ ಮೃಗಾಲಯದ ತೋಟ, ಅದರ ಪಕ್ಕದಲ್ಲೇ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯ. 1872ರಲ್ಲಿ ಬಾಗಿಲು ತೆರೆದದ್ದು, ಮುಂಬೈನಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಟಿಕೆಟ್ ತೀರಾ ಕಡಿಮೆ. ಬುಧವಾರ ಮುಚ್ಚಿರುತ್ತೆ, ಮರೆಯಬೇಡಿ. ಒಳಗೆ ಹಳೆಯ ಮುಂಬೈನ ಜನರ ಪುಟ್ಟ ಮಣ್ಣಿನ ಗೊಂಬೆಗಳಿವೆ. ಯಾವ ಜನ ಹೇಗೆ ಬಟ್ಟೆ ಉಡುತ್ತಿದ್ದರು, ಯಾವ ಕಸುಬಿನವರು ಹೇಗೆ ಕೂರುತ್ತಿದ್ದರು, ಎಲ್ಲ ಬೆರಳುದ್ದದಲ್ಲಿ ಮಾಡಿಟ್ಟಿದ್ದಾರೆ. ನಾನು ಪ್ರತಿ ಸಲ ಒಂದೊಂದು ಗಾಜಿನ ಪೆಟ್ಟಿಗೆಯ ಮುಂದೆ ಹತ್ತು ಹತ್ತು ನಿಮಿಷ ನಿಲ್ಲುತ್ತೇನೆ, ಶಾಲೆಯಲ್ಲಿ ಮಕ್ಕಳಿಗೆ ಹೇಳೋಕೆ.

ಹೊರಗೆ ಒಂದು ಕಲ್ಲಿನ ಆನೆ ಇದೆ, ತಪ್ಪದೆ ನೋಡಿ. ಎಲಿಫೆಂಟಾ ದ್ವೀಪಕ್ಕೆ ಆ ಹೆಸರು ಬಂದದ್ದು ಇದೇ ಆನೆಯಿಂದ. ಬ್ರಿಟಿಷರು 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸೋಕೆ ಹೊರಟರು. ಎತ್ತುವಾಗ ಕ್ರೇನ್ ಮುರಿದು ಆನೆ ಬಿದ್ದು ಚೂರಾಯಿತು. ಆಮೇಲೆ ಆ ತುಂಡುಗಳನ್ನು ಇಲ್ಲಿಗೆ ತಂದು, 1914ರಲ್ಲಿ ಜೋಡಿಸಿ ನಿಲ್ಲಿಸಿದರು. ದೋಣಿ ಟಿಕೆಟ್ಟಿಗೆ ದುಡ್ಡು ಹಾಕಿ ಇಡೀ ದಿನ ಕಳೆದು ಎಲಿಫೆಂಟಾಕ್ಕೆ ಈ ಸಲ ಹೋಗಬೇಡಿ ಅನ್ನೋದು ನನ್ನ ಸಲಹೆ. ಎರಡೇ ದಿನ ಇರುವಾಗ ಅದು ತುಂಬಾ ಹೊತ್ತು ತಿನ್ನುತ್ತೆ. ಜುಹೂ ಕೂಡ ಬೇಡ, ದೂರ. ಸಮುದ್ರವನ್ನು ನಿನ್ನೆಯೇ ನೋಡಿದ್ದೀರಿ ಅಲ್ವಾ.

ಮಧ್ಯಾಹ್ನಕ್ಕೆ ಮಾಟುಂಗಾ. ಎರಡು ದಿನದಲ್ಲಿ ಇದೊಂದು ಊಟಕ್ಕೆ ಮಾತ್ರ ಕೈ ಬಿಚ್ಚಿ. ಸ್ಟೇಷನ್ ಪಕ್ಕದ ಮಹಡಿಯಲ್ಲಿ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ನಡೆಯುತ್ತಿದೆ. ಬಾಳೆ ಎಲೆಯ ಮೇಲೆ ಅನ್ನ, ಸಾರು, ಪಲ್ಯ. ಒಬ್ಬಳೇ ಹೋದರೂ ಸಂಕೋಚ ಇಲ್ಲ, ಒಬ್ಬೊಬ್ಬರೇ ಬಂದು ಉಂಡು ಹೋಗುವವರು ಎಷ್ಟೋ ಜನ. ಉಂಡ ಮೇಲೆ ಕಿಂಗ್ಸ್ ಸರ್ಕಲ್ ಕಡೆ ನಡೆಯಿರಿ. ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುವವರಿದ್ದಾರೆ. ಮುಂದಿನ ಪರೀಕ್ಷೆಗೆ ಬೇಕಾದದ್ದು ಅರ್ಧ ರೇಟಿಗೆ ಸಿಕ್ಕರೂ ಸಿಗಬಹುದು. ಆಮೇಲೆ ಫೈವ್ ಗಾರ್ಡನ್ಸ್‌ನ ಮರದ ಕೆಳಗೆ ಕೂತು ಸುಧಾರಿಸಿಕೊಳ್ಳಿ.

ಮಾಟುಂಗಾದಲ್ಲಿ ಇನ್ನೊಂದು ಸಂಗತಿ ನಮ್ಮಂಥವರಿಗೆ ಮುಖ್ಯ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ. ಹಳಿಯ ಆಚೆ, ಮಾಟುಂಗಾ ರೋಡ್ ಕಡೆ, ಕರ್ನಾಟಕ ಸಂಘ. ಕನ್ನಡ ನಾಟಕ, ಸಂಗೀತ, ಉಪನ್ಯಾಸ ನಡೆಯುತ್ತಿರುತ್ತವೆ. ನೀವು ಹೋಗುವ ದಿನ ಏನಾದರೂ ಇದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ನಾನು ಒಂದು ಸಂಜೆ ಹಿಂದಿನ ಸಾಲಿನಲ್ಲಿ ಕೂತು ಕನ್ನಡ ಭಾಷಣ ಕೇಳಿದೆ. ನಮ್ಮ ತಾಲೂಕಿನಲ್ಲಿ ಮನೆಯೊಳಗೆ ಕನ್ನಡ, ಕಚೇರಿಗೆ ಹೋದರೆ ಮರಾಠಿ. ಅಷ್ಟು ದೂರದ ಊರಿನಲ್ಲಿ ಇನ್ನೂರು ಜನ ಕನ್ನಡಕ್ಕಾಗಿಯೇ ಬಂದು ಕೂತದ್ದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಹಿಂದಿ ಸರಿಯಾಗಿ ಬರಲ್ಲ ಅಂತಲೂ ಬರೆದಿದ್ದೀರಿ. ಮರಾಠಿ ಬರುತ್ತಲ್ಲ, ಅದೇ ಸಾಕು. ಕಂಡಕ್ಟರ್, ಪೊಲೀಸ್, ತರಕಾರಿ ಮಾರುವ ಅಜ್ಜಿ ಎಲ್ಲರ ಹತ್ತಿರವೂ ಧೈರ್ಯವಾಗಿ ಮರಾಠಿಯಲ್ಲೇ ಮಾತಾಡಿ. ನಮ್ಮ ಮರಾಠಿಯ ರಾಗ ಕೇಳಿದ ಕೂಡಲೇ ‘ಸೋಲಾಪುರಚ್ಯಾ ಕಾ?’ ಅಂತ ಕೇಳುತ್ತಾರೆ, ಸೊಲ್ಲಾಪುರದವಳಾ ಅಂತ. ಹೌದು ಅಂದರೆ ನಮ್ಮ ಕಡೆಯ ಹೆಸರಾದ ಸೊಲ್ಲಾಪುರ ಚಾದರದ ಮಾತು ತೆಗೆಯುತ್ತಾರೆ. ದಾರಿ ಕೇಳುವುದಾದರೆ ಅಂಗಡಿಯವರನ್ನು ಕೇಳಿ, ರಸ್ತೆಯಲ್ಲಿ ತಾವಾಗಿ ಬಂದು ದಾರಿ ತೋರಿಸುವವರ ಹಿಂದೆ ಹೋಗಬೇಡಿ. ದುಡ್ಡನ್ನು ಎರಡು ಕಡೆ ಇಟ್ಟುಕೊಳ್ಳಿ. ರಾತ್ರಿ ಒಂಬತ್ತರೊಳಗೆ ಸ್ಟೇಷನ್ನಿನಲ್ಲೋ ರೂಮಿನಲ್ಲೋ ಇರಿ. ದಿನಕ್ಕೆ ಎರಡು ಸಲ ಅವ್ವನಿಗೆ ಫೋನ್ ಮಾಡಿ, ಎಲ್ಲಿದ್ದೀರಿ ಅಂತ ಜಾಗದ ಹೆಸರು ಹೇಳಿ.

ಕಳೆದ ದೀಪಾವಳಿಯಲ್ಲಿ ನನಗೆ ಆದ ಖರ್ಚು: ಎರಡು ದಿನದ ಬಸ್ಸು, ಲೋಕಲ್ ಸೇರಿ ನೂರು ರೂಪಾಯಿಯೂ ಮುಟ್ಟಲಿಲ್ಲ. ಕ್ಲೋಕ್ ರೂಮ್, ಟಿಕೆಟ್ಟುಗಳು, ಮೂರು ವಡಾಪಾವ್, ನಾಲ್ಕು ಚಹಾ, ಮಾಟುಂಗಾದ ಊಟ ಎಲ್ಲ ಸೇರಿಸಿದರೂ ಏಳುನೂರು ದಾಟಲಿಲ್ಲ. ಉಳಿದದ್ದರಲ್ಲಿ ಶಾಲೆಯ ಮಕ್ಕಳಿಗೆ ಬಣ್ಣದ ಪೆನ್ಸಿಲ್ ತಂದೆ.

ನಿಮ್ಮ ಪರೀಕ್ಷೆ ಯಾವ ವಾರ, ಸೆಂಟರ್ ಯಾವ ಕಡೆ ಬಂದಿದೆ ಅಂತ ಕೆಳಗೆ ಬರೆಯಿರಿ. ಎರಡನೇ ದಿನ ಬುಧವಾರ ಬಿದ್ದರೆ ಬೈಕುಲ್ಲಾವನ್ನು ಮೊದಲ ದಿನಕ್ಕೆ ಹಾಕಿ, ಕಾಲಾ ಘೋಡಾವನ್ನು ಆಮೇಲೆ ಇಟ್ಟುಕೊಳ್ಳಬೇಕಾಗುತ್ತೆ. ಸೆಂಟರ್ ಥಾಣೆ ಊರಿನ ಕಡೆ ಇದ್ದರೆ ಯಾವ ಗಾಡಿ, ಎಷ್ಟು ಗಂಟೆಗೆ ಅಂತ ಕೂತು ಬರೆದು ಕಳಿಸುತ್ತೇನೆ.