ಚಿ. ಉದಯಶಂಕರ್ ಹಾಡುಗಳಲ್ಲಿ ಅಂಥದ್ದೇನಿದೆ?

ನಿಮ್ಮ ಪ್ರಶ್ನೆ ಹೀಗಿದೆ: ಸಿನಿಮಾ ಗೀತರಚನೆಕಾರ ಚಿ. ಉದಯಶಂಕರ್ ತೀರಿಕೊಂಡು ಮೂವತ್ತು ವರ್ಷ ದಾಟಿತು, ಅವರ ಹಾಡುಗಳಲ್ಲಿ ಇರುವುದು ಸರಳ ಪದ, ಸುಲಭದ ಪ್ರಾಸ, ಅಷ್ಟೇ ಅಲ್ವಾ, ಆದರೂ ಅವರ ಹೆಸರೆತ್ತಿದರೆ ಹಳಬರು ಯಾಕೆ ಅಷ್ಟೊಂದು ಕರಗುತ್ತಾರೆ?

ನಾನೂ ಆ ಹಳಬರಲ್ಲಿ ಒಬ್ಬ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ವರ್ಷಗಟ್ಟಲೆ ಹಾಡಿದವನು. ಹಾಗಾಗಿ ಹಾಡುವವನ ಕಡೆಯಿಂದ ಉತ್ತರ ಹೇಳುತ್ತೇನೆ. ಸಾಹಿತ್ಯ ವಿಮರ್ಶೆ ನನ್ನ ಕೆಲಸ ಅಲ್ಲ.

ಸರಳ ಅಂದಿರಲ್ಲ, ‘ಚಲಿಸುವ ಮೋಡಗಳು’ ಚಿತ್ರದ ‘ಜೇನಿನ ಹೊಳೆಯೋ ಹಾಲಿನ ಮಳೆಯೋ’ ತಗೊಳ್ಳಿ. 1982ರ ಸಿನಿಮಾ, ಎಂ. ರಂಗರಾವ್ ಸಂಗೀತ. ಈ ಸಾಲನ್ನು ಸುಮ್ನೆ ಓದಬೇಡಿ, ಒಂದು ಸಲ ಬಾಯಿಬಿಟ್ಟು ಹಾಡಿ ನೋಡಿ. ಒತ್ತಕ್ಷರವೇ ಇಲ್ಲ. ಪ್ರತಿ ತುಂಡೂ ‘ಯೋ’ ಅಂತ ಮುಗಿಯುತ್ತದೆ, ಅಂದರೆ ಗಾಯಕ ಅಲ್ಲಿ ಎಷ್ಟು ಬೇಕಾದರೂ ಎಳೆಯಬಹುದು, ಉಸಿರು ತಗೊಳ್ಳಬಹುದು. ಮೊದಲ ಒತ್ತು ಬರುವುದು ಮುಂದಿನ ಸಾಲಿನ ‘ಕನ್ನಡ’ ಅನ್ನುವ ಪದದಲ್ಲಿ. ಹಾಡುವಾಗ ಅಲ್ಲಿ ತಾನಾಗೇ ಒಂದು ತೂಕ ಬೀಳುತ್ತದೆ. ಅವರು ಲೆಕ್ಕ ಹಾಕಿ ಹೀಗೆ ಬರೆದರು ಅಂತ ನಾನು ಹೇಳುತ್ತಿಲ್ಲ. ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಟ್ಯೂನ್ ಕೇಳುತ್ತಲೇ ಕೂತಲ್ಲೇ ಬರೆದುಕೊಡುತ್ತಿದ್ದರು ಅಂತ ಅವರ ಜೊತೆ ಕೆಲಸ ಮಾಡಿದವರು ಹೇಳುತ್ತಲೇ ಬಂದಿದ್ದಾರೆ.

ಆದರೆ ನನ್ನ ಪ್ರಕಾರ ಅಸಲಿ ಗುಟ್ಟು ಬೇರೆ. ಅವರು ಬರೀ ಹಾಡು ಬರೆಯುವವರಾಗಿರಲಿಲ್ಲ. ಎಷ್ಟೋ ಸಿನಿಮಾಗಳಿಗೆ ಸಂಭಾಷಣೆಯೂ ಅವರದ್ದೇ. ತಂದೆ ಚಿ. ಸದಾಶಿವಯ್ಯ ಕೂಡ ಸಿನಿಮಾಗೆ ಬರೆದವರು, ಮನೆಯಲ್ಲೇ ಆ ವಿದ್ಯೆ ಇತ್ತು. 1963ರ ‘ಸಂತ ತುಕಾರಾಂ’ ಚಿತ್ರದಿಂದ ಶುರು ಮಾಡಿದ ಉದಯಶಂಕರ್‌ಗೆ ಪಾತ್ರ ಹೇಗೆ ಮಾತಾಡುತ್ತದೆ ಅನ್ನೋದು ಗೊತ್ತಿತ್ತು. ಅದಕ್ಕೇ ಅವರ ಹಾಡು ಕಥೆ ನಿಲ್ಲಿಸಿ ಶುರುವಾಗುವ ಹಾಡಿನ ಥರ ಇರುವುದಿಲ್ಲ. ಪಾತ್ರ ತನ್ನ ಮಾತನ್ನೇ ಮುಂದುವರಿಸಿದ ಹಾಗಿರುತ್ತದೆ.

1971ರ ‘ಕಸ್ತೂರಿ ನಿವಾಸ’ ನೋಡಿದ್ದೀರಾ? ಅದರ ಸಂಭಾಷಣೆಯೂ ಇವರದ್ದೇ. ಬೀಳಿಸಿದರೂ ಎದ್ದು ನಿಲ್ಲುವ ಬೊಂಬೆ ಇಟ್ಟುಕೊಂಡು ನಾಯಕ ‘ಆಡಿಸಿ ನೋಡು ಬೀಳಿಸಿ ನೋಡು ಉರುಳಿ ಹೋಗದು’ ಅಂತ ಹಾಡುತ್ತಾನೆ. ಮಕ್ಕಳಿಗೂ ಅರ್ಥವಾಗುವ ಹಾಡು. ಆಮೇಲೆ ಆ ಮನುಷ್ಯ ಕೊಟ್ಟು ಕೊಟ್ಟು ಬರಿಗೈಯಾಗುತ್ತಾನೆ. ಆಗ ಅದೇ ಟ್ಯೂನ್ ವಾಪಸ್ ಬರುತ್ತದೆ, ಪದ ಮಾತ್ರ ಬದಲು: ‘ಆಡಿಸಿದಾತ ಬೇಸರ ಮೂಡಿ ಆಟ ಮುಗಿಸಿದ’. ಜಿ.ಕೆ. ವೆಂಕಟೇಶ್ ಸಂಗೀತ, ಪಿ.ಬಿ. ಶ್ರೀನಿವಾಸ್ ದನಿ. ಎರಡನೇ ಹಾಡಿನಲ್ಲಿ ಒಂದಾದರೂ ಕಷ್ಟದ ಪದ ಇದೆಯಾ, ಹುಡುಕಿ. ಇಲ್ಲ. ಆದರೂ ಅದನ್ನು ಸ್ಟೇಜ್ ಮೇಲೆ ಹಾಡುವುದು ನನಗೆ ಇವತ್ತಿಗೂ ಕಷ್ಟ, ಗಂಟಲು ಕಟ್ಟುತ್ತದೆ. ಸುಲಭದ ಪ್ರಾಸ ಅನ್ನುವವರು ಇದರಂಥ ನಾಲ್ಕು ಸಾಲು ಬರೆದು ತೋರಿಸಲಿ ಅಂತ ನನಗೆ ಕೋಪವೂ ಬರುತ್ತದೆ, ಕ್ಷಮಿಸಿ.

ಎಮ್ಮೆ ಮೇಲೆ ಕೂತು ಹಾಡುವ ಹಳ್ಳಿಯವನಿಗೆ ಅವರು ಬರೆದ ಹಾಡು ‘ಯಾರೇ ಕೂಗಾಡಲಿ ಊರೇ ಹೋರಾಡಲಿ’. ‘ಸಂಪತ್ತಿಗೆ ಸವಾಲ್’, 1974. ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡಲು ಗಟ್ಟಿಯಾಗಿ ಶುರು ಮಾಡಿದ್ದು ಈ ಹಾಡಿನ ನಂತರ. ‘ನಿನ್ನ ನೆಮ್ಮದಿಗೆ ಭಂಗವಿಲ್ಲ’ ಅಂತ ಹೇಳುವುದು ಎಮ್ಮೆಗೆ, ಆದರೆ ನಮ್ಮ ಕಡೆ ಆಫೀಸಿನಲ್ಲಿ ಕೆಲಸ ಮಾಡದೆ ಆರಾಮಾಗಿ ಕೂತವರಿಗೆಲ್ಲ ಈ ಸಾಲು ಸಲ್ಲುತ್ತದೆ.

1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕೆ ‘ಇಫ್ ಯು ಕಮ್ ಟುಡೇ’ ಬರೆದವರೂ ಇವರೇ. ಈಗಿನ ಹುಡುಗರು ಅದನ್ನು ಹಂಚಿಕೊಂಡು ನಗುತ್ತಾರೆ. ನಗಲಿ ಬಿಡಿ, ಅದು ನಗಿಸುವ ಹಾಡೇ. ಇಂಗ್ಲಿಷಿನಲ್ಲೂ ಅವರು ಮಾಡಿದ್ದು ಅದನ್ನೇ, ಎಲ್ಲರಿಗೂ ಗೊತ್ತಿರುವ ಪದ, ಕೊನೆಗೊಂದು ಟಿಕ್ ಟಿಕ್ ಟಿಕ್.

ಎಲ್ಲವೂ ಚಿನ್ನ ಅಂತ ಹೇಳಲಾರೆ. ಹೂವು, ಚಂದ್ರ, ನಿನ್ನ ನಗು, ನಿನ್ನ ಕಣ್ಣು ಅಂತ ಟ್ಯೂನ್ ತುಂಬಿಸಿದ ಹಾಡುಗಳೂ ಬೇಕಾದಷ್ಟಿವೆ. ಅಷ್ಟು ವೇಗದಲ್ಲಿ ಅಷ್ಟು ಜಾಸ್ತಿ ಬರೆದರೆ ಹಾಗೇ ಆಗುತ್ತದೆ. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಹಂಸಲೇಖರ ಭಾಷೆ ಕೇಳಿ ನಮ್ಮ ವಯಸ್ಸಿನವರೆಲ್ಲ ಆ ಕಡೆ ಓಡಿದ್ದೂ ನಿಜ.

ಉದಯಶಂಕರ್ ಹಳಬರಾದರು ಅಂತ ಅಂದುಕೊಳ್ಳುವ ಹೊತ್ತಿಗೆ ‘ಜೀವನ ಚೈತ್ರ’ ಬಂತು, 1992ರಲ್ಲಿ. ಮೂರು ವರ್ಷ ಸಿನಿಮಾ ಮಾಡದೆ ಇದ್ದ ಅಣ್ಣಾವ್ರು ಮತ್ತೆ ತೆರೆಗೆ ಬಂದಿದ್ದರು. ಉಪೇಂದ್ರ ಕುಮಾರ್ ಸಂಗೀತ, ತೋಡಿ ರಾಗ, ‘ನಾದಮಯ ಈ ಲೋಕವೆಲ್ಲಾ’. ಅಣ್ಣಾವ್ರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಾಡು. ಶಾಸ್ತ್ರೀಯ ಸಂಗೀತದ ಆ ಭಾರ ಹೊರುವ ಸಾಹಿತ್ಯ ಬರೆದದ್ದು ಅದೇ ಎಮ್ಮೆ ಹಾಡಿನ ಕವಿ.

ಮರುವರ್ಷವೇ, 1993ರಲ್ಲಿ, ಹೋಗಿಬಿಟ್ಟರು. 59 ವರ್ಷ. ಸಾಯುವ ವಯಸ್ಸಾ ಅದು? ಆ ವರ್ಷ ಬಂದ ‘ಆಕಸ್ಮಿಕ’ದ ಹಾಡುಗಳು ಹಂಸಲೇಖರದ್ದು, ಅವೂ ಅದ್ಭುತ. ಆದರೂ ರಾಜ್ ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಉದಯಶಂಕರ್ ಹೆಸರು ಇಲ್ಲ ಅನ್ನೋದು ನಮಗೆ ಎದ್ದು ಕಾಣುತ್ತಿತ್ತು. ಆಕಾಶವಾಣಿಯಲ್ಲಿ ಹಾಡಿಗೆ ಮೊದಲು ‘ಸಾಹಿತ್ಯ, ಚಿ. ಉದಯಶಂಕರ್’ ಅಂತ ಹೇಳುವುದನ್ನು ಕೇಳಿಕೊಂಡೇ ಬೆಳೆದವರಿಗೆ ಅವರು ಮನೆಯವರ ಹಾಗೇ ಇದ್ದರು, ಮುಖ ನೋಡಿರದಿದ್ದರೂ.

ನೀವು ಚಿಕ್ಕವರಿರಬೇಕು ಅಂತ ಅಂದುಕೊಂಡು ಇನ್ನೊಂದು ಹೇಳುತ್ತೇನೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ ಊರೂರಲ್ಲಿ ಎರಡು ಹಾಡು ಹಾಕಿದರು, ಎರಡೂ ಪುನೀತ್ ಮಗುವಾಗಿದ್ದಾಗ ಹಾಡಿದ್ದು. ‘ಭಾಗ್ಯವಂತ’ದ ‘ಬಾನ ದಾರಿಯಲ್ಲಿ ಸೂರ್ಯ ಜಾರಿ ಹೋದ’, ‘ಚಲಿಸುವ ಮೋಡಗಳು’ ಚಿತ್ರದ ‘ಕಾಣದಂತೆ ಮಾಯವಾದನು’. ಎರಡನ್ನೂ ಬರೆದವರು ಉದಯಶಂಕರ್. ಎರಡನೆಯದಂತೂ ತಮಾಷೆಯ ಧಾಟಿಯದ್ದು, ಮಗುವಿನ ಬಾಯಲ್ಲಿ ಮುದ್ದಾಗಿ ಕೇಳಲಿ ಅಂತ ಬರೆದದ್ದು. ನಲವತ್ತು ವರ್ಷವಾದ ಮೇಲೆ ಅದೇ ಪದಗಳು ಅಳಿಸಿದವು. ಆ ದಿನ ಹಾಡು ಹಾಕಿದ ಹುಡುಗರಲ್ಲಿ ಎಷ್ಟು ಜನಕ್ಕೆ ಬರೆದವರ ಹೆಸರು ಗೊತ್ತಿತ್ತೋ.

ಕೇಳಬೇಕು ಅನ್ನಿಸಿದರೆ ‘ಎರಡು ಕನಸು’ ಚಿತ್ರದ ‘ಎಂದೆಂದೂ ನಿನ್ನನು ಮರೆತು’ ಹಾಡಿನಿಂದ ಶುರು ಮಾಡಿ, ರಾಜನ್-ನಾಗೇಂದ್ರ ಟ್ಯೂನ್. ಆಮೇಲೆ ‘ಕಸ್ತೂರಿ ನಿವಾಸ’ದ ಆ ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಆ್ಯಪ್‌ಗಳಲ್ಲಿ ಹಾಡಿದವರ ಹೆಸರು ಮಾತ್ರ ದೊಡ್ಡದಾಗಿ ಇರುತ್ತದೆ, ಹಾಗಾಗಿ ಸಿನಿಮಾ ಹೆಸರು ಹಾಕಿ ಹುಡುಕಿದರೆ ಬೇಗ ಸಿಗುತ್ತವೆ.