ಅಟ್ಟದ ಪೆಟ್ಟಿಗೆ ತೆರೆದ ಕೂಡಲೇ ಕುಡಿತ ಬಿಟ್ಟುಹೋಗುತ್ತಾ?

ಪ್ರಶ್ನೆ: ನಾನು ಗಂಗಾವತಿಯವನು, ಮೊದಲ ಕಾದಂಬರಿ ಬರೆಯುತ್ತಿದ್ದೇನೆ. ನಾಯಕ ದಿನಾ ಕುಡಿಯುವವನು. ಕೊಪ್ಪಳ ಹತ್ತಿರದ ಕಿನ್ನಾಳದ ಹಳೇ ಮನೆಯ ಅಟ್ಟದಲ್ಲಿ ಅವನಿಗೆ ಮುತ್ಯಾನ ಕುಂಚಗಳ ಪೆಟ್ಟಿಗೆ ಸಿಗುತ್ತದೆ, ತಾನು ಗೊಂಬೆ ಮಾಡುವ ಚಿತ್ರಗಾರರ ಮನೆತನದವನು ಅಂತ ಗೊತ್ತಾಗುತ್ತದೆ, ಅವತ್ತೇ ಬಾಟಲಿ ಒಡೆದು ಹಾಕುತ್ತಾನೆ. ಗೆಳೆಯರು ಓದಿ 'ಸಿನಿಮಾ ಥರ ಇದೆ' ಅಂತಾರೆ. ಏನು ಮಾಡಲಿ?

ಉತ್ತರ: ಗೆಳೆಯರು ಹೇಳಿದ್ದು ಸರಿ. ಬಾಟಲಿ ಒಡೆಸೋದು ಸುಲಭ, ಮರುದಿನದ ಬೆಳಿಗ್ಗೆ ಬರೆಯೋದು ಕಷ್ಟ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ದೆ ಹತ್ತಲ್ಲ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಜೀವಕ್ಕೇ ಕುತ್ತು. ಹಾಗಾಗಿ ಅವನನ್ನು ಅಟ್ಟದಿಂದ ಇಳಿಸಿ ಮೊದಲು ಆಸ್ಪತ್ರೆಗೆ ಕಳಿಸಿ. ಹೆಂಡತಿ ಸರ್ಕಾರದ ಸಹಾಯವಾಣಿ 14446ಕ್ಕೆ ಫೋನ್ ಮಾಡಲಿ, ಅದೂ ಒಂದು ದೃಶ್ಯವೇ ಅಲ್ವಾ?

ಕುಂಚ ಆಮೇಲೆ ಬರಲಿ. ಬಿಟ್ಟವನಿಗೆ ಜಾಸ್ತಿ ಕಾಡೋದು ಸಂಜೆ. ಏಳು ಗಂಟೆ, ಕೈಗೆ ಕೆಲಸ ಇಲ್ಲ, ಕಾಲು ತಾನಾಗಿ ಹಳೇ ದಾರಿ ಹಿಡಿಯುತ್ತದೆ. ಕಿನ್ನಾಳದ ಗೊಂಬೆ ಕೆಲಸ ಅಲ್ಲಿ ಒದಗುತ್ತದೆ, ಯಾಕಂದ್ರೆ ಅದರಲ್ಲಿ ಅವಸರ ನಡೆಯೋದಿಲ್ಲ. ಹಗುರ ಮರ ಕೆತ್ತಬೇಕು, ತುಂಡುಗಳನ್ನು ಹುಣಸೆ ಬೀಜದ ಅಂಟಿನಲ್ಲಿ ಕೂಡಿಸಬೇಕು, ಕಲ್ಲಿನ ಪುಡಿ ಕಲಸಿದ ಅಂಟು ಬಳಿದು ಒಣಗುವ ತನಕ ಕಾಯಬೇಕು, ಬಣ್ಣ ಅದಾದ ಮೇಲೆ. ಗರುಡನಿಗೆ ಕಣ್ಣು ಬರೆಯಲು ಹೋದರೆ ನಡುಗುವ ಕೈಗೆ ಕಣ್ಣು ಕಿವಿಯ ಕಡೆ ಜಾರುತ್ತದೆ. ಒರೆಸಿ ಮತ್ತೆ ಬರೆಯಲಿ. ನನಗಂತೂ ಒಡೆದ ಬಾಟಲಿಗಿಂತ ಆ ಸೊಟ್ಟ ಕಣ್ಣೇ ಇಷ್ಟ.

ಹಂಪಿ ವಿರೂಪಾಕ್ಷ ಗುಡಿಯ ಚಿತ್ರ ಬರೆದವರು ಈ ಮನೆತನಗಳ ಹಿರಿಯರು ಅನ್ನುವ ಮಾತಿದೆ. ಅದನ್ನು ಯಾರೋ ಮೇಷ್ಟ್ರ ಬಾಯಲ್ಲಿ ಭಾಷಣ ಮಾಡಿಸಬೇಡಿ, ಅಜ್ಜಿ ರೊಟ್ಟಿ ಬಡಿಯುತ್ತಾ ಸುಮ್ನೆ ಅಂದು ಬಿಡಲಿ. ಇನ್ನೊಂದು, ನಿಮ್ಮ ಮುತ್ಯಾ ಯಾಕಿಷ್ಟು ದೇವರಂಥವನು? ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದೇ 2007ರಲ್ಲಿ. ಪೆಟ್ಟಿಗೆಯಲ್ಲಿ ಕುಂಚದ ಕೆಳಗೆ ಸಾರಾಯಿ ಅಂಗಡಿಯ ಸಾಲದ ಚೀಟಿಯೂ ಸಿಗಲಿ. ಆಗ ಮೊಮ್ಮಗ ಏನು ಮಾಡ್ತಾನೆ ಅನ್ನೋದು ನನಗೂ ಗೊತ್ತಿಲ್ಲ, ಅದಕ್ಕೇ ಓದಬೇಕು ಅನ್ನಿಸುತ್ತದೆ.

ಬರೆಯುವ ಮೊದಲು ಒಂದು ದಿನ ಕಿನ್ನಾಳಕ್ಕೆ ಹೋಗಿ ಕೂತು ಬನ್ನಿ. ನಿಮ್ಮ ಪತ್ರದಲ್ಲಿ ಅಂಟಿನ ವಾಸನೆಯೇ ಇಲ್ಲ.